ನೆಲ ನಮ್ಮದು, ನೆಲದಡಿಯದು ಯಾರದು? ಓಹಾಯೋದಲ್ಲಿ ಜಮೀನು ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಓಹಾಯೋ ರಾಜ್ಯದ ಪೂರ್ವದ ಗುಡ್ಡಗಾಡಿನಲ್ಲಿ ನಾವು 2013ರಲ್ಲಿ 38 ಎಕರೆ ಕೊಂಡೆವು. ಹಳೆಯ ಒಂದು ಕೊಟ್ಟಿಗೆ, ಒಂದು ತೊರೆ, ಮಿಕ್ಕಿದ್ದೆಲ್ಲ ಮೇಪಲ್ ಮರಗಳು. ಕೊಂಡ ಮೇಲೆ ತಿಳಿಯಿತು, ಕೆಳಗಿನ ಎಣ್ಣೆ, ಗ್ಯಾಸು ನಮ್ಮದಲ್ಲ ಅಂತ. ಆಮೇಲೆ ಕೆಲವು ವರ್ಷ ದಾಖಲೆ ಕಚೇರಿ, ವಕೀಲರು, ಪೋಸ್ಟ್ ಆಫೀಸು ಅಂತ ಓಡಾಡಿದೆ. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ, ಜಮೀನಿನ ಮಾಲೀಕ ಅಷ್ಟೇ. ಗೆಳೆಯರು, ನೆಂಟರ ಮಕ್ಕಳು ಫೋನ್ ಮಾಡಿ ಕೇಳುವ ಪ್ರಶ್ನೆಗಳೇ ಇವು.

ಜಮೀನು ನನ್ನ ಹೆಸರಿಗೆ ರಿಜಿಸ್ಟರ್ ಆಗಿದೆ. ಕೆಳಗಿರುವುದು ಬೇರೆಯವರದು ಹೇಗಾಗುತ್ತದೆ?

ಅಮೆರಿಕದಲ್ಲಿ ಒಂದೇ ಜಮೀನನ್ನು ಎರಡು ಆಸ್ತಿಯಾಗಿ ಸೀಳಬಹುದು. ಮೇಲಿನ ನೆಲ ಒಂದು, ಕೆಳಗಿನ ಖನಿಜ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಮಾಲೀಕರಿರಬಹುದು. ಎರಡನ್ನೂ ಬೇರೆ ಬೇರೆಯಾಗಿ ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು.

ನಮ್ಮ ಜಮೀನಿನ ಮೂಲ ಪತ್ರ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ, ಅಂದರೆ ಇಲ್ಲಿನ ಜಿಲ್ಲೆಯ ಆಸ್ತಿಪತ್ರಗಳ ದಾಖಲೆ ಕಚೇರಿಯಲ್ಲಿ, ಎರಡು ಕೈಯಲ್ಲಿ ಎತ್ತಬೇಕಾದ ದಪ್ಪ ಪುಸ್ತಕ. 1923ರ ಕ್ರಯಪತ್ರ, ಕೈಬರಹದ ನಕಲು. ಮೊದಲು ಚೆಕ್ಕುಬಂದಿ, ಅಂದರೆ ಯಾವ ಓಕ್ ಮರದಿಂದ ಯಾವ ಕಲ್ಲಿನವರೆಗೆ ಅನ್ನುವ ವಿವರ. ಅದರ ಕೆಳಗೆ ಒಂದೇ ಸಾಲು: ಈ ಜಮೀನಿನ ಅಡಿಯ ಎಣ್ಣೆ ಮತ್ತು ಗ್ಯಾಸನ್ನೆಲ್ಲ ಮಾರುವವನು ತನಗೂ ತನ್ನ ವಾರಸುದಾರರಿಗೂ ಉಳಿಸಿಕೊಂಡಿದ್ದಾನೆ. ಅವತ್ತು ಬರೆದ ಆ ಒಂದು ಸಾಲು 90 ವರ್ಷದ ಮೇಲೆ ನಮ್ಮನ್ನು ಹಿಡಿದು ನಿಲ್ಲಿಸಿತು.

ಆ ಕಾಲದವರು ಯಾಕೆ ಹೀಗೆ ಮಾಡಿದರು?

ಪೂರ್ವ ಓಹಾಯೋದಲ್ಲಿ 19ನೇ ಶತಮಾನದಿಂದಲೂ ಎಣ್ಣೆ, ಗ್ಯಾಸು, ಕಲ್ಲಿದ್ದಲು ತೆಗೆಯುತ್ತಿದ್ದರು. ರೈತ ಹೊಲ ಮಾರುವಾಗ, ಮುಂದೆ ಏನಾದರೂ ಸಿಕ್ಕರೆ ಮಕ್ಕಳಿಗಿರಲಿ ಅಂತ ಕೆಳಗಿನದನ್ನು ಇಟ್ಟುಕೊಂಡ. ಆಮೇಲೆ ಎಷ್ಟೋ ಕಡೆ ಯಾರೂ ಬಾವಿ ಕೊರೆಯಲಿಲ್ಲ. ರೈತ ತೀರಿಕೊಂಡ. ಮಕ್ಕಳು ಕೆಲಸ ಹುಡುಕಿಕೊಂಡು ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ಫ್ಲೋರಿಡಾ ಕಡೆ ಹೋದರು. ಅಜ್ಜನಿಗೆ ಹೀಗೊಂದು ಆಸ್ತಿ ಇತ್ತು ಅನ್ನುವುದೇ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಹೀಗೆ ದಶಕಗಟ್ಟಲೆ ಯಾರೂ ಮುಟ್ಟದೆ ಬಿದ್ದಿರುವ ಹಕ್ಕನ್ನು ಇಲ್ಲಿ ‘ಡಾರ್ಮೆಂಟ್’ ಹಕ್ಕು ಅನ್ನುತ್ತಾರೆ. ನಾನು ‘ಮಲಗಿದ ಹಕ್ಕು’ ಅಂತ ಕರೆಯುತ್ತೇನೆ. ಮಲಗಿದೆ, ಸತ್ತಿಲ್ಲ. ಇದನ್ನು ಮರೆತವರೇ ಮುಂದೆ ತೊಂದರೆಗೆ ಸಿಕ್ಕಿಕೊಳ್ಳುವುದು.

2010ರ ಆಚೆಗೆ ಯೂಟಿಕಾ ಶೇಲ್ ಅನ್ನುವ ಆಳದ ಕಲ್ಲಿನ ಪದರದಿಂದ ಗ್ಯಾಸು ತೆಗೆಯಲು ಕಂಪನಿಗಳು ಬಂದವು. ಬೆಲ್ಮಾಂಟ್, ಮನ್ರೋ, ಹ್ಯಾರಿಸನ್, ಗರ್ನ್‌ಸಿ, ನೋಬಲ್ ಕೌಂಟಿಗಳಲ್ಲಿ ಖನಿಜವನ್ನು ಗುತ್ತಿಗೆಗೆ ಕೊಟ್ಟರೆ ಎಕರೆಗೆ ಸಾವಿರಾರು ಡಾಲರು ಮುಂಗಡ ಸಿಗತೊಡಗಿತು. ಧೂಳು ಹಿಡಿದಿದ್ದ ಹಳೆಯ ಪತ್ರಗಳಿಗೆಲ್ಲ ಒಮ್ಮೆಲೇ ಜೀವ ಬಂತು.

20 ವರ್ಷ ಯಾರೂ ಮುಟ್ಟದಿದ್ದರೆ ಆ ಹಕ್ಕು ತಾನಾಗಿಯೇ ನನಗೆ ಬರುತ್ತದೆ ಅಂತಾರೆ. ನಿಜವಾ?

ಇಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಓಹಾಯೋದ ಡಾರ್ಮೆಂಟ್ ಮಿನರಲ್ ಆಕ್ಟ್ ಜಾರಿಗೆ ಬಂದದ್ದು 1989ರ ಮಾರ್ಚ್ 22ರಂದು. 20 ವರ್ಷದಲ್ಲಿ ಆ ಹಕ್ಕಿನ ಮೇಲೆ ಏನೂ ನಡೆದಿಲ್ಲವಾದರೆ ಅದನ್ನು ಕೈಬಿಟ್ಟಂತೆ ಎಂದೇ ತಿಳಿಯಬೇಕು, ಅದು ಮೇಲಿನ ಜಮೀನಿನವರಿಗೆ ಸೇರುತ್ತದೆ ಅಂತ ಅದರಲ್ಲಿತ್ತು. ಹಕ್ಕುದಾರರಿಗೆ ಎಚ್ಚೆತ್ತುಕೊಳ್ಳಲು 3 ವರ್ಷದ ಗಡುವು ಕೊಟ್ಟಿದ್ದರು. ನೋಟಿಸು ಕೊಡಬೇಕು ಅನ್ನುವ ಮಾತೇ ಅದರಲ್ಲಿರಲಿಲ್ಲ. 2006ರ ಜೂನ್ 30ರಿಂದ ಕಾನೂನು ಬದಲಾಯಿತು. ಹಕ್ಕುದಾರರಿಗೆ ಮೊದಲು ನೋಟಿಸು ಕೊಡಬೇಕು, ಆಮೇಲೆ ಅಫಿಡವಿಟ್ ದಾಖಲಿಸಬೇಕು ಅಂತಾಯಿತು.

ಆಗ ಜಗಳ ಶುರುವಾಯಿತು. 1989ರ ಕಾನೂನಿನಂತೆ 1992ರಲ್ಲೇ ನಮ್ಮದಾಗಿತ್ತು, ಈಗ ಯಾಕೆ ನೋಟಿಸು ಅಂತ ಜಮೀನಿನವರು ಕೇಳಿದರು. 2016ರ ಸೆಪ್ಟೆಂಬರಿನಲ್ಲಿ ಓಹಾಯೋ ಸುಪ್ರೀಂ ಕೋರ್ಟು ಕೋರ್ಬನ್ ವಿರುದ್ಧ ಚೆಸಪೀಕ್ ಪ್ರಕರಣದಲ್ಲಿ ಇದನ್ನು ಬಗೆಹರಿಸಿತು. 1989ರ ಕಾನೂನು ತಾನಾಗಿ ಕೆಲಸ ಮಾಡುವಂಥದ್ದಲ್ಲ. 2006ರ ಜೂನ್ 30ಕ್ಕೆ ಮುಂಚೆ ಕೋರ್ಟಿಗೆ ಹೋಗಿ ಹಕ್ಕು ಖಾತ್ರಿ ಮಾಡಿಕೊಳ್ಳದವರು ಈಗ 2006ರ ವಿಧಾನವನ್ನೇ ಹಿಡಿಯಬೇಕು. ಹಾಗಾಗಿ ‘ಸುಮ್ನೆ ಇದ್ದರೂ ಬರುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಪಕ್ಕದ ಇಂಡಿಯಾನಾ ರಾಜ್ಯದಲ್ಲಿ ಹಾಗೆಯೇ ನಡೆಯಿತು. ಅಲ್ಲಿನ 1971ರ ಕಾನೂನಿನಲ್ಲಿ 20 ವರ್ಷ ಬಳಸದ ಹಕ್ಕು ತಾನಾಗಿ ಬಿದ್ದುಹೋಗುತ್ತದೆ. ಅದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1982ರಲ್ಲಿ ಟೆಕ್ಸಾಕೊ ವಿರುದ್ಧ ಶಾರ್ಟ್ ಪ್ರಕರಣದಲ್ಲಿ 5-4ರ ತೀರ್ಪಿನಿಂದ ಉಳಿದುಕೊಂಡಿತು. ಅಲ್ಲಿಯ ಮಾತನ್ನು ಇಲ್ಲಿಗೆ ಹಚ್ಚಬೇಡಿ.

ಆ 20 ವರ್ಷವನ್ನು ಎಲ್ಲಿಂದ ಎಣಿಸಬೇಕು? ಏನು ನಡೆದರೆ ಹಕ್ಕು ಉಳಿಯುತ್ತದೆ?

ನೀವು ನೋಟಿಸು ಕೊಟ್ಟ ದಿನದಿಂದ, ಅಥವಾ ಪತ್ರಿಕೆಯಲ್ಲಿ ಹಾಕಿಸಿದ ದಿನದಿಂದ, ಹಿಂದಕ್ಕೆ 20 ವರ್ಷ. ಅಷ್ಟರೊಳಗೆ ಅಲ್ಲಿಂದ ಎಣ್ಣೆ ಅಥವಾ ಗ್ಯಾಸು ತೆಗೆದಿದ್ದರೆ ಹಕ್ಕು ಉಳಿಯಿತು. ನೆಲದಡಿ ಗ್ಯಾಸು ಶೇಖರಿಸಲು ಬಳಸಿದ್ದರೂ ಉಳಿಯಿತು. ಕೊರೆಯಲು ಪರವಾನಗಿ ಪಡೆದು ಅದರ ಅಫಿಡವಿಟ್ ದಾಖಲಿಸಿದ್ದರೆ, ಹಕ್ಕು ಉಳಿಸಿಕೊಳ್ಳುವ ಅರ್ಜಿ ಹಾಕಿದ್ದರೆ, ಖನಿಜಕ್ಕೆಂದೇ ಬೇರೆ ತೆರಿಗೆ ನಂಬರು ಮಾಡಿಸಿದ್ದರೆ ಆಗಲೂ ಅಷ್ಟೇ. ಆ ಖನಿಜ ಹಕ್ಕಿನದೇ ಕ್ರಯ, ಗುತ್ತಿಗೆ, ವಾರಸು ವರ್ಗಾವಣೆ ಕಚೇರಿಯಲ್ಲಿ ದಾಖಲಾಗಿದ್ದರೂ ಉಳಿಯುತ್ತದೆ.

‘ಹಕ್ಕಿನದೇ’ ಅನ್ನುವ ಮಾತಿಗೆ ಗಮನ ಕೊಡಿ. ನಮ್ಮ ಜಮೀನು 1923ರಿಂದ ನಾಲ್ಕು ಸಲ ಕೈ ಬದಲಾಯಿಸಿದೆ. ಪ್ರತಿ ಪತ್ರದಲ್ಲೂ ಆ ಹಳೆಯ ಸಾಲನ್ನು ಹಾಗೇ ಎತ್ತಿ ಬರೆದಿದ್ದಾರೆ. ಇದರಿಂದ 20 ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತದಾ ಅಂತ ನಾನು ಹೆದರಿದ್ದೆ. ಆಗುವುದಿಲ್ಲ. ಮೇಲಿನ ನೆಲ ಮಾರುವ ಪತ್ರದಲ್ಲಿ ಹಳೆಯ ಸಾಲು ಸುಮ್ನೆ ಕಾಣಿಸಿಕೊಂಡರೆ ಅದು ಖನಿಜದ ವಹಿವಾಟಲ್ಲ ಅಂತ ಡಾಡ್ ವಿರುದ್ಧ ಕ್ರಾಸ್ಕಿ ಪ್ರಕರಣದಲ್ಲಿ ಮೇಲ್ಮನವಿ ಕೋರ್ಟು 2013ರಲ್ಲಿ ಹೇಳಿದೆ. ಆದರೆ ಖನಿಜದ ಗುತ್ತಿಗೆ ದಾಖಲಾಗಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಅದು 2015ರ ಬ್ಯುಯೆಲ್ ಪ್ರಕರಣದಲ್ಲಿ ತೀರ್ಮಾನವಾಯಿತು.

ಕಲ್ಲಿದ್ದಲಿಗೂ ಇದೇ ಕಾನೂನಾ?

ಇಲ್ಲ. ಕಲ್ಲಿದ್ದಲಿನ ಹಕ್ಕು ಇದರಿಂದ ಹೊರಗಿದೆ. ಸರ್ಕಾರದ ಕೈಲಿರುವ ಖನಿಜ ಹಕ್ಕೂ ಹೊರಗೆ. ಆದರೆ ಸುಣ್ಣದ ಕಲ್ಲು, ಮರಳು, ಜಲ್ಲಿ, ಜೇಡಿಮಣ್ಣು ಇವೂ ಎಣ್ಣೆ, ಗ್ಯಾಸಿನಂತೆ ಈ ಕಾನೂನಿನ ಖನಿಜದ ಪಟ್ಟಿಯಲ್ಲೇ ಇವೆ.

ಸರಿ, ನಾನೀಗ ಏನು ಮಾಡಬೇಕು?

ಮೊದಲು ಹಕ್ಕು ಇವತ್ತು ಯಾರ ಹೆಸರಲ್ಲಿದೆ ಅಂತ ಹುಡುಕಿ. ಸಿಕ್ಕ ಪ್ರತಿಯೊಬ್ಬರಿಗೂ ಅವರ ಕೊನೆಯ ವಿಳಾಸಕ್ಕೆ ಸರ್ಟಿಫೈಡ್ ಮೇಲ್‌ನಲ್ಲಿ ನೋಟಿಸು ಕಳಿಸಿ. ಊರಿನ ಅಕ್ನಾಲೆಜ್‌ಮೆಂಟ್ ಇರುವ ರಿಜಿಸ್ಟರ್ಡ್ ಪೋಸ್ಟ್ ಇದ್ದ ಹಾಗೆ. ಹಸಿರು ಬಣ್ಣದ ಕಾರ್ಡು ಸಹಿಯಾಗಿ ನಿಮಗೆ ವಾಪಸ್ ಬರುತ್ತದೆ. ಹಕ್ಕುದಾರರ ಹೆಸರು, ಜಮೀನಿನ ವಿವರ, ಹಳೆಯ ಪತ್ರ ಯಾವ ಸಂಪುಟದ ಯಾವ ಪುಟದಲ್ಲಿದೆ, 20 ವರ್ಷದಲ್ಲಿ ಏನೂ ನಡೆದಿಲ್ಲ ಅನ್ನುವ ಹೇಳಿಕೆ, ಮುಂದೆ ಅಫಿಡವಿಟ್ ಹಾಕುತ್ತೇನೆ ಅನ್ನುವ ಮಾತು, ಇಷ್ಟೂ ನೋಟಿಸಿನಲ್ಲಿರಬೇಕು. ಅಂಚೆಯಲ್ಲಿ ತಲುಪಿಸಲು ಆಗಲೇ ಇಲ್ಲ ಎಂದಾದರೆ ಜಮೀನಿರುವ ಕೌಂಟಿಯ ಪತ್ರಿಕೆಯಲ್ಲಿ ಒಂದು ಸಲವಾದರೂ ಪ್ರಕಟಿಸಬೇಕು.

ನೋಟಿಸು ತಲುಪಿ 30 ದಿನ ಆದ ಮೇಲೆ, 60 ದಿನ ದಾಟುವುದರೊಳಗೆ, ‘ಈ ಹಕ್ಕನ್ನು ಕೈಬಿಡಲಾಗಿದೆ’ ಅನ್ನುವ ಅಫಿಡವಿಟ್ಟನ್ನು ರೆಕಾರ್ಡರ್ ಕಚೇರಿಯಲ್ಲಿ ಹಾಕಬೇಕು. 29ನೇ ದಿನ ಹಾಕಿದರೂ ತಪ್ಪು, 61ನೇ ದಿನ ಹಾಕಿದರೂ ತಪ್ಪು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಎರಡು ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೆ. 60 ದಿನದಲ್ಲಿ ಹಕ್ಕುದಾರರು ಯಾರೂ ಏನೂ ದಾಖಲಿಸದಿದ್ದರೆ, ಅವರು ದಾಖಲಿಸಿಲ್ಲ ಅನ್ನುವ ಇನ್ನೊಂದು ನೋಟಿಸನ್ನು ಕಚೇರಿಯಲ್ಲಿ ಹಾಕಬೇಕು. ಖನಿಜ ನಿಮ್ಮದಾಗುವುದು ಆಗ.

ವಾರಸುದಾರರನ್ನು ಎಷ್ಟರ ಮಟ್ಟಿಗೆ ಹುಡುಕಬೇಕು? ಪೇಪರಿನಲ್ಲಿ ಹಾಕಿದರೆ ಸಾಕಲ್ವಾ?

ಸಾಲದು. ಈ ಪ್ರಶ್ನೆ ಬಂದಾಗ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ. ಯಾರದೋ ಅಜ್ಜಿಯ ಆಸ್ತಿಯನ್ನು ಯಾರೂ ಓದದ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಹಾಕಿಸಿ ತೆಗೆದುಕೊಳ್ಳುವುದು ಸರಿಯಲ್ಲ. ಕೋರ್ಟೂ ಅದನ್ನು ಒಪ್ಪುವುದಿಲ್ಲ.

2020ರ ಡಿಸೆಂಬರಿನ ಗೆರಿಟಿ ವಿರುದ್ಧ ಚೆರ್ವೆನಾಕ್ ಪ್ರಕರಣ ನೋಡಿ. ಗರ್ನ್‌ಸಿ ಕೌಂಟಿಯ ಜಮೀನು. ದಾಖಲೆಯಲ್ಲಿದ್ದ ಹಕ್ಕುದಾರರ ಕ್ಲೀವ್‌ಲ್ಯಾಂಡ್ ವಿಳಾಸಕ್ಕೆ ನೋಟಿಸು ಕಳಿಸಿದರು, ಮನೆ ಖಾಲಿ ಅಂತ ವಾಪಸ್ ಬಂತು. ಎರಡು ಕೌಂಟಿಗಳ ದಾಖಲೆ ಹುಡುಕಿದರು, ಯಾರೂ ಸಿಗಲಿಲ್ಲ. ಆಮೇಲೆ ಪತ್ರಿಕೆಯಲ್ಲಿ ಹಾಕಿಸಿದರು. ಹಕ್ಕುದಾರರು ಫ್ಲೋರಿಡಾದಲ್ಲಿ 1997ರಲ್ಲೇ ತೀರಿಕೊಂಡಿದ್ದರು. ನಮ್ಮನ್ನು ಹುಡುಕಲಿಲ್ಲ ಅಂತ ವಾರಸುದಾರರು ಕೋರ್ಟಿಗೆ ಹೋದರು. ಸಾಮಾನ್ಯ ಎಚ್ಚರಿಕೆಯ ಮನುಷ್ಯ ಎಷ್ಟು ಹುಡುಕುತ್ತಾನೋ ಅಷ್ಟು ಹುಡುಕಿದ್ದಾರೆ, ಸಾಕು ಅಂತ ಕೋರ್ಟು ಹೇಳಿತು. ಇಂಟರ್‌ನೆಟ್ಟಿನಲ್ಲಿ ವಂಶವೃಕ್ಷ ಜಾಲಾಡಲೇಬೇಕು ಅನ್ನುವ ಕಡ್ಡಾಯ ಇಲ್ಲ, ಎಷ್ಟು ಹುಡುಕಬೇಕು ಅನ್ನುವುದು ಆಯಾ ಪ್ರಕರಣವನ್ನು ನೋಡಿಯೇ ತೀರ್ಮಾನವಾಗಬೇಕು ಅಂದಿತು.

ಆದರೆ 2022ರ ಫೊಂಝಿ ವಿರುದ್ಧ ಬ್ರೌನ್ ಪ್ರಕರಣ ಬೇರೆ ದಿಕ್ಕಿಗೆ ಹೋಯಿತು. ಹಕ್ಕುದಾರರು ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯವರು ಅನ್ನುವುದು ದಾಖಲೆಯಲ್ಲೇ ಇತ್ತು. ಜಮೀನಿನವರು ಹುಡುಕಿದ್ದು ಓಹಾಯೋದ ಮನ್ರೋ ಕೌಂಟಿಯಲ್ಲಿ ಮಾತ್ರ. ಪತ್ರವೇ ಕೈ ತೋರಿಸುತ್ತಿದ್ದ ಕಡೆಗೆ ನೀವು ತಿರುಗಿಯೇ ನೋಡಲಿಲ್ಲವಲ್ಲ ಅನ್ನುವಂತೆ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು.

ಊರಲ್ಲಿ ಪೌತಿ ಖಾತೆ ಮಾಡಿಸಿದವರಿಗೆ ಈ ಕೆಲಸ ಹೊಸದಲ್ಲ. ಯಾರು ತೀರಿಕೊಂಡರು, ಎಷ್ಟು ಮಕ್ಕಳು, ಹೆಣ್ಣುಮಕ್ಕಳು ಮದುವೆಯಾಗಿ ಎಲ್ಲಿಗೆ ಹೋದರು ಅಂತ ಒಂದೊಂದೇ ಎಳೆ ಹಿಡಿಯುವುದು. ಹುಡುಕಿದ ಪ್ರತಿಯೊಂದಕ್ಕೂ ತಾರೀಖು ಹಾಕಿ ಬರೆದಿಡಿ. ಏನೂ ಸಿಗದಿದ್ದ ದಿನವನ್ನೂ ಬರೆದಿಡಿ. ನಾಳೆ ಕೋರ್ಟಿನಲ್ಲಿ ಮಾತಾಡುವುದು ಆ ಪುಸ್ತಕವೇ.

ನೋಟಿಸು ಸಿಕ್ಕಿದ ಮೇಲೆ ಅವರು ಎದ್ದು ಬಂದರೆ? 20 ವರ್ಷ ಸುಮ್ಮನಿದ್ದವರು ಈಗ ಬಂದರೆ ತಡವಾಗಲಿಲ್ವಾ?

ತಡವಾಗಲಿಲ್ಲ. ನೋಟಿಸು ತಲುಪಿದ 60 ದಿನದೊಳಗೆ ‘ನಾವು ಇದನ್ನು ಬಿಟ್ಟಿಲ್ಲ, ಉಳಿಸಿಕೊಳ್ಳುತ್ತೇವೆ’ ಅಂತ ಒಂದು ಅರ್ಜಿ ದಾಖಲಿಸಿದರೆ ಸಾಕು. ಹಿಂದಿನ 20 ವರ್ಷದಲ್ಲಿ ಏನೂ ಮಾಡಿರದಿದ್ದರೂ ಪರವಾಗಿಲ್ಲ. ಇದು ಅದೇ ಡಾಡ್ ಪ್ರಕರಣದಲ್ಲಿ ಓಹಾಯೋ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದ ಮಾತು. ಇನ್ನೊಂದು ವಿಷಯ ಗೊತ್ತಿರಲಿ: ಹಕ್ಕುದಾರರಲ್ಲಿ ಒಬ್ಬರು ಅರ್ಜಿ ಹಾಕಿದರೂ ಎಲ್ಲರ ಪಾಲೂ ಉಳಿಯುತ್ತದೆ.

ನಮಗೆ ಆದದ್ದೂ ಹೀಗೇ. 2017ರಲ್ಲಿ ನಾವು ಏಳು ನೋಟಿಸು ಕಳಿಸಿದೆವು. ಐದು ಹಸಿರು ಕಾರ್ಡು ಸಹಿಯಾಗಿ ಬಂದವು, ಎರಡು ಲಕೋಟೆ ಹಳದಿ ಚೀಟಿ ಅಂಟಿಸಿಕೊಂಡು ವಾಪಸ್ ಬಂದವು. 41ನೇ ದಿನ, 1923ರಲ್ಲಿ ಜಮೀನು ಮಾರಿದವರ ಮೊಮ್ಮಗಳು ಅರ್ಜಿ ಹಾಕಿದರು. ಎಂಬತ್ತು ದಾಟಿದ ಹೆಂಗಸು. ಅವರೊಬ್ಬರಿಂದ ಎಲ್ಲರ ಪಾಲೂ ಉಳಿಯಿತು, ನಮಗೆ ಏನೂ ಬರಲಿಲ್ಲ. ನನ್ನ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಅಜ್ಜಿ ಮಗನ ಜೊತೆ ಬಂದು, ನಮ್ಮ ಕೊಟ್ಟಿಗೆಯ ತೊಲೆಯಲ್ಲಿ ಅವರ ತಾತ ಕೊರೆದಿದ್ದ ಹೆಸರಿನ ಮೊದಲಕ್ಷರ ತೋರಿಸಿದರು. ಹತ್ತಾರು ಸಲ ಅದರ ಕೆಳಗೆ ಓಡಾಡಿದ್ದರೂ ನಾನು ನೋಡಿರಲಿಲ್ಲ. ಹುಡುಕಾಟ ಸರಿಯಾಗಿ ಮಾಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

40 ವರ್ಷದ ಇನ್ನೊಂದು ಕಾನೂನು ಇದೆಯಂತಲ್ಲ?

ಇದೆ. 1961ರ ಮಾರ್ಕೆಟಬಲ್ ಟೈಟಲ್ ಆಕ್ಟ್. ನಿಮ್ಮ ಹಕ್ಕಿನ ಸರಪಳಿಯಲ್ಲಿ, ಅಂದರೆ ಜಮೀನು ಒಬ್ಬರಿಂದ ಒಬ್ಬರಿಗೆ ಬಂದ ಪತ್ರಗಳ ಸಾಲಿನಲ್ಲಿ, ಕನಿಷ್ಠ 40 ವರ್ಷ ಹಳೆಯದಾದ ಒಂದು ಬುಡದ ಪತ್ರ ಹಿಡಿಯಬೇಕು. ಅದರಲ್ಲೂ ಅದರ ಮುಂದಿನ ಪತ್ರಗಳಲ್ಲೂ ಹಳೆಯ ಖನಿಜ ಹಕ್ಕಿನ ಸ್ಪಷ್ಟ ಉಲ್ಲೇಖವಿಲ್ಲದೆ, ಅದನ್ನು ಉಳಿಸುವಂಥದ್ದು ಬೇರೇನೂ ದಾಖಲಾಗದೆ ಇದ್ದರೆ ಆ ಹಕ್ಕು ಅಳಿದುಹೋಗುತ್ತದೆ. ಇದಕ್ಕೆ ನೋಟಿಸು ಬೇಕಿಲ್ಲ, ಕಾನೂನಿನ ಬಲದಿಂದಲೇ ಆಗುತ್ತದೆ. 2006ರ ವಿಧಾನ ಬಂದ ಮೇಲೆ ಖನಿಜಕ್ಕೆ ಇದು ಅನ್ವಯಿಸುವುದಿಲ್ಲ ಅಂತ ಕೆಲವರು ವಾದಿಸಿದರು. ಎರಡೂ ಜೊತೆಜೊತೆಗೆ ನಡೆಯುತ್ತವೆ ಅಂತ 2020ರಲ್ಲಿ ವೆಸ್ಟ್ ವಿರುದ್ಧ ಬೋಡಿ ತೀರ್ಪು ಬಂತು.

ಸ್ಪಷ್ಟ ಉಲ್ಲೇಖ ಅಂದರೆ ಎಷ್ಟು ಸ್ಪಷ್ಟ? ‘ಹಿಂದಿನ ಎಲ್ಲ ಷರತ್ತಿಗೆ ಒಳಪಟ್ಟು’ ಅಂತ ಮೊಗಮ್ಮಾಗಿ ಬರೆದರೆ ಸಾಲದು. ಯಾವ ಬಗೆಯ ಹಕ್ಕು, ಯಾರು ಉಳಿಸಿಕೊಂಡದ್ದು ಅಂತ ಹೇಳಿದ್ದರೆ, ಸಂಪುಟ, ಪುಟದ ನಂಬರು ಇಲ್ಲದಿದ್ದರೂ ನಡೆಯುತ್ತದೆ. 2018ರ ಬ್ಲ್ಯಾಕ್‌ಸ್ಟೋನ್ ವಿರುದ್ಧ ಮೂರ್ ತೀರ್ಪು ಇದು. ನಮ್ಮ ಪತ್ರಗಳಲ್ಲಿ ಹಳೆಯ ಸಾಲು ಹೆಸರಿನ ಸಮೇತ ಉಳಿದಿದ್ದರಿಂದ ಈ ದಾರಿ ನಮಗೆ ಮುಚ್ಚಿತ್ತು. ನಿಮ್ಮದರಲ್ಲಿ ಎಲ್ಲಾದರೂ ಬಿಟ್ಟುಹೋಗಿದ್ದರೆ ವಕೀಲರಿಗೆ ಮೊದಲು ಅದನ್ನೇ ತೋರಿಸಿ.

ಬೇರೆ ರಾಜ್ಯದಲ್ಲಿ ಜಮೀನಿದ್ದರೆ?

ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಮಿಷಿಗನ್‌ನಲ್ಲಿ 1963ರಿಂದಲೇ 20 ವರ್ಷದ ಕಾನೂನಿದೆ, ಎಣ್ಣೆ ಮತ್ತು ಗ್ಯಾಸಿಗೆ ಮಾತ್ರ. ಲೂಯಿಸಿಯಾನಾದಲ್ಲಿ 10 ವರ್ಷ ಬಳಸದಿದ್ದರೆ ಜಮೀನಿನವರಿಗೇ ಮರಳುತ್ತದೆ. ಟೆಕ್ಸಾಸ್‌ನಲ್ಲಿ ಇಂಥ ಕಾನೂನೇ ಇಲ್ಲ. ಪೆನ್ಸಿಲ್ವೇನಿಯಾದ 2006ರ ಕಾನೂನು ಹೆಸರಲ್ಲಿ ಓಹಾಯೋದಂತೆಯೇ ಕೇಳಿಸಿದರೂ ಮಾಲೀಕತ್ವ ಬದಲಿಸುವುದಿಲ್ಲ. ಕಾಣೆಯಾದ ಹಕ್ಕುದಾರರ ಪರವಾಗಿ ಟ್ರಸ್ಟ್ ಮಾಡಿ ಗುತ್ತಿಗೆ ಕೊಡುವುದಕ್ಕೆ ಅದು ದಾರಿ ಅಷ್ಟೇ.

ಖನಿಜ ಬೇರೆಯವರದೇ ಆದರೆ ನನ್ನ ಜಮೀನಿನಲ್ಲಿ ಬಂದು ಅಗೆಯಬಹುದಾ?

ಖನಿಜ ತೆಗೆಯಲು ಎಷ್ಟು ಬೇಕೋ ಅಷ್ಟರ ಮಟ್ಟಿಗೆ ಮೇಲಿನ ನೆಲ ಬಳಸುವ ಹಕ್ಕು ಅವರಿಗಿದೆ. ಅನವಶ್ಯಕವಾಗಿ ಹಾಳು ಮಾಡುವಂತಿಲ್ಲ. ಈಗಿನ ಬಾವಿಗಳು ಬಹಳ ದೂರದಿಂದ ಅಡ್ಡಡ್ಡ ಕೊರೆದು ಬರುತ್ತವೆ, ಹಾಗಾಗಿ ಎಷ್ಟೋ ಸಲ ನಿಮ್ಮ ನೆಲ ಮುಟ್ಟುವುದೇ ಇಲ್ಲ. ಕಂಪನಿಯವರು ರಸ್ತೆಗೋ ಪೈಪಿಗೋ ಜಾಗ ಕೇಳಿದರೆ ಬಾಯಿಮಾತಿಗೆ ಒಪ್ಪಬೇಡಿ. ಬೇಲಿ, ತೊರೆ, ಕುಡಿಯುವ ನೀರಿನ ಬಾವಿ ಎಲ್ಲವನ್ನೂ ಬರೆಸಿಕೊಳ್ಳಿ. ಕೆಲಸ ಶುರುವಾಗುವ ಮುಂಚೆ ನೀರಿನ ಪರೀಕ್ಷೆ ಮಾಡಿಸಿಡಿ.

ನಮ್ಮೂರಿನಲ್ಲಿ ಹೀಗಿಲ್ಲವಲ್ಲ?

ಕರ್ನಾಟಕದಲ್ಲಿ 1964ರ ಭೂಕಂದಾಯ ಕಾಯ್ದೆಯ 70ನೇ ಕಲಮಿನಂತೆ ಗಣಿ, ಖನಿಜದ ಹಕ್ಕು ರಾಜ್ಯ ಸರ್ಕಾರದ್ದು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಳಗಿನದು ನಮ್ಮದಾಗುವುದಿಲ್ಲ. ಇಡೀ ದೇಶಕ್ಕೆ ಒಂದೇ ಉತ್ತರ ಅಂತಲೂ ಅಲ್ಲ. ಕೇರಳದ ಮಲಬಾರಿನ ಜನ್ಮಂ ಜಮೀನಿನ (ವಂಶಪಾರಂಪರ್ಯವಾಗಿ ಬಂದ ಪೂರ್ಣ ಒಡೆತನದ ಜಮೀನು) ಪ್ರಕರಣದಲ್ಲಿ, ಕಾನೂನಿನ ದಾರಿಯಲ್ಲಿ ಕಿತ್ತುಕೊಳ್ಳದ ಹೊರತು ಕೆಳಗಿನದೂ ಜಮೀನಿನವರದೇ ಅಂತ 2013ರಲ್ಲಿ ಭಾರತದ ಸುಪ್ರೀಂ ಕೋರ್ಟು ಹೇಳಿತು.

ಕೊಳ್ಳುವ ಮುಂಚೆ ಏನು ನೋಡಬೇಕು?

ಊರಲ್ಲಿ ಇಸಿ ತೆಗೆಸುತ್ತೇವಲ್ಲ, ಹಾಗೆಯೇ ಇಲ್ಲೂ ಟೈಟಲ್ ಹುಡುಕಿಸುತ್ತಾರೆ. ಆದರೆ ಮನೆ ಸಾಲಕ್ಕೆ ಮಾಡುವ ಹುಡುಕಾಟ ಬಹಳ ಹಿಂದಕ್ಕೆ ಹೋಗುವುದಿಲ್ಲ, ಖನಿಜವನ್ನು ಎಷ್ಟೋ ಸಲ ನೋಡುವುದೇ ಇಲ್ಲ. ನಮಗೆ ಹುಡುಕಿಕೊಟ್ಟವರೂ ನೋಡಿರಲಿಲ್ಲ. ಖನಿಜದ ಹುಡುಕಾಟ ಬೇರೆಯಾಗಿ ಮಾಡಿಸಿ. ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ.

ನಾವು ಬೆಂಗಳೂರಿಗೆ ವಾಪಸ್ ಬಂದುಬಿಟ್ಟಿದ್ದೇವೆ. ಓಹಾಯೋದ ಜಮೀನು ಮಾರುವಾಗ ಖನಿಜ ಹಕ್ಕು ಇಟ್ಟುಕೊಂಡಿದ್ದೆವು. ಅದು ಹೋಗಿಬಿಡುತ್ತದಾ?

ನೀವು ಈಗ ಆ ಅಜ್ಜಿಯ ಜಾಗದಲ್ಲಿದ್ದೀರಿ. ದಾಖಲೆಯಲ್ಲಿರುವುದು ನಿಮ್ಮ ಹಳೆಯ ಓಹಾಯೋ ವಿಳಾಸ. ನೋಟಿಸು ಅಲ್ಲಿಗೆ ಹೋಗುತ್ತದೆ, ವಾಪಸ್ ಬರುತ್ತದೆ, ಆಮೇಲೆ ನೀವು ಓದದ ಪತ್ರಿಕೆಯಲ್ಲಿ ಬರುತ್ತದೆ. 60 ದಿನ ನಿಮಗೆ ಗೊತ್ತಿಲ್ಲದೆಯೇ ಕಳೆದುಹೋಗುತ್ತದೆ.

ಅದಕ್ಕೇ ಹಕ್ಕು ಉಳಿಸಿಕೊಳ್ಳುವ ಅರ್ಜಿಯನ್ನು ಈಗಲೇ ಹಾಕಿ. ಹಕ್ಕಿನ ವಿವರ, ಮೂಲ ಪತ್ರದ ಸಂಪುಟ ಮತ್ತು ಪುಟ, ಬಿಟ್ಟುಕೊಡುವ ಉದ್ದೇಶವಿಲ್ಲ ಅನ್ನುವ ಹೇಳಿಕೆ, ಇಷ್ಟು ಅದರಲ್ಲಿರಬೇಕು. ಅದರಿಂದ 20 ವರ್ಷ ನಿಶ್ಚಿಂತೆ, ಆಮೇಲೆ ಮತ್ತೆ ಹಾಕಬಹುದು. ಈಗಿನ ವಿಳಾಸವನ್ನೂ ಅದರಲ್ಲೇ ಬರೆಯಿರಿ, ಜೊತೆಗೆ ಓಹಾಯೋದಲ್ಲಿರುವ ನಂಬಿಕಸ್ಥರ ಒಂದು ವಿಳಾಸವನ್ನೂ ಕೊಡಿ. ಆ ಕಾಗದದ ಒಂದು ನಕಲನ್ನು ಮನೆಯ ಬೇರೆ ಪತ್ರಗಳ ಜೊತೆ ಇಟ್ಟು, ಮಕ್ಕಳನ್ನು ಕೂರಿಸಿಕೊಂಡು ಅದು ಏನು ಅಂತ ಒಮ್ಮೆ ಹೇಳಿ.